ಕೊಟ್ಟಿಗೆ ನಮ್ಮದು, ಕ್ಯಾನು ಊರಿನದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಮಾಡಿದ ಭಾಷಣ)



ವೇದಿಕೆ ಮೇಲೆ ನಿಂತು ಮಾತಾಡಿ ನಮಗೆ ಅಭ್ಯಾಸವಿಲ್ಲ. "ನಿಮ್ಮ ಮನೆಯಲ್ಲಿ ದನ ಹೇಗೆ ನೋಡಿಕೊಳ್ಳುತ್ತೀರಿ, ಅಷ್ಟು ಹೇಳಿ ಸಾಕು" ಎಂದು ಕಾರ್ಯದರ್ಶಿಗಳು ಹೇಳಿದ್ದರಿಂದ ಧೈರ್ಯ ಮಾಡಿ ಬಂದಿದ್ದೇವೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ತಮ್ಮ ಹಾಲನ್ನು ತಾವೇ ಒಟ್ಟುಗೂಡಿಸಿ ಮಾರುವ ಪದ್ಧತಿ ಶುರು ಮಾಡಿದರು. 1970ರ ದಶಕದಲ್ಲಿ ಅದೇ ಪದ್ಧತಿ ನಮ್ಮ ರಾಜ್ಯಕ್ಕೂ ಬಂತು. ಊರಿಗೊಂದು ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳಿ. ಇದನ್ನೆಲ್ಲ ತಿಳಿದವರು ಹೇಳುತ್ತಾರೆ. ನಾವು ಕೊಟ್ಟಿಗೆ ಮಾತು ಹೇಳುತ್ತೇವೆ.

ನಮ್ಮದು ಎರಡು ಎಕರೆ ಜಮೀನು. ರಾಗಿ, ಅವರೆ, ಬಾವಿ ಪಕ್ಕ ಒಂದಿಷ್ಟು ಸೀಮೆಹುಲ್ಲು. ಮೊದಲು ಮನೆಯಲ್ಲಿ ಉಳುಮೆಗೆ ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ನಾಟಿ ಹಸು ಇದ್ದವು. ಸಂಘ ಆದಮೇಲೆ ಸಾಲ ಮಾಡಿ ಸೀಮೆಹಸು ಕಟ್ಟಿದೆವು. ನಾಟಿ ಹಸು ಹೊಲದ ಬದುವಿನಲ್ಲಿ ಮೇಯ್ದು ಬಂದರೆ ಆಯಿತು. ಸೀಮೆಹಸು ಹಾಗಲ್ಲ. ಅದಕ್ಕೆ ಬಿಸಿಲು ತಡೆಯದು, ಹೊತ್ತು ತಪ್ಪಿದರೆ ತಡೆಯದು, ನೀರು ಕಮ್ಮಿಯಾದರೆ ಮೊದಲು ಹಾಲಿನಲ್ಲೇ ತೋರಿಸುತ್ತದೆ.

ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತೇವೆ. ಸಗಣಿ ಬಾಚಿ ತಿಪ್ಪೆಗೆ ಹಾಕಿ, ಗಂಜಲ ಹರಿದುಹೋಗುವ ಹಾಗೆ ನೆಲ ತೊಳೆದು, ಆಮೇಲೆ ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸಿ ಹಾಲು ಕರೆಯುವುದು. ಹಾಲು ಕರೆದ ತಕ್ಷಣ ಹಸು ಮಲಗಬಾರದು. ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಮಲಗಿದರೆ ನೆಲದ ಕೊಳೆ ಒಳಗೆ ಸೇರಿ ಕೆಚ್ಚಲು ಬಾವು ಬರುತ್ತದೆ. ಅದಕ್ಕೇ ಆ ಹೊತ್ತಿಗೆ ಮುಂದೆ ಹುಲ್ಲು ಹಾಕಿ ನಿಲ್ಲಿಸುತ್ತೇವೆ. ದಿನಕ್ಕೆ ಒಂದು ಹಸುವಿಗೆ ಹಸಿಹುಲ್ಲು 20-25 ಕೆಜಿ, ರಾಗಿ ಹುಲ್ಲು ಐದಾರು ಕೆಜಿ. ಮೈ ಉಳಿಸಿಕೊಳ್ಳಲು ಒಂದೂವರೆ ಎರಡು ಕೆಜಿ ಪಶು ಆಹಾರ, ಅದರ ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಜೊತೆಗೆ ಖನಿಜ ಮಿಶ್ರಣ. ನೀರು ಮಾತ್ರ ಕುಡಿಯುವಷ್ಟು, ಲೆಕ್ಕ ಹಿಡಿಯಬಾರದು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಸೂಜಿ ಹಾಕಿಸುವುದು, ಸಂಜೆ ಕಂಡರೆ ಮಾರನೆ ಬೆಳಿಗ್ಗೆ. ಕರು ಹಾಕಲು ಎರಡು ತಿಂಗಳಿರುವಾಗ ಹಾಲು ಬತ್ತಿಸುವುದು. ಕರು ಹುಟ್ಟಿದ ಗಂಟೆಯೊಳಗೆ ಗಿಣ್ಣುಹಾಲು ಕುಡಿಸುವುದು. ಮಾಸು ಬೀಳಲಿ ಅಂತ ಕಾಯಬಾರದು.

ಇದೆಲ್ಲ ನಿಮಗೂ ಗೊತ್ತು. ಆದರೆ ನಮ್ಮ ಅತ್ತೆ ಒಂದು ಮಾತು ಹೇಳುತ್ತಿದ್ದರು: "ಹುಲ್ಲು ಯಾರು ಬೇಕಾದ್ರೂ ಹಾಕ್ತಾರೆ, ದಿನಾ ಅದರ ಮುಖ ನೋಡೋರು ಬೇಕು." ಹಸುವಿಗೆ ಬಾಯಿಲ್ಲ. ಮೆಲುಕು ಹಾಕುತ್ತಾ ಇದೆಯೇ, ಮೂಗಿನ ಮೇಲೆ ತೇವ ಇದೆಯೇ, ಕಿವಿ ತಣ್ಣಗಾಗಿದೆಯೇ, ಸಗಣಿ ಹೇಗಿದೆ, ಇದನ್ನೆಲ್ಲ ನೋಡಬೇಕು. ನಾವು ಒಂದು ಸಲ ನೋಡಿಯೂ ನೋಡದ ಹಾಗೆ ಇದ್ದೆವು. ಅದನ್ನು ಇವತ್ತು ಹೇಳಬೇಕು ಅಂತಲೇ ಬಂದಿದ್ದೇವೆ.

ಸಂಘ ಶುರುವಾದ ಎರಡನೇ ವರ್ಷ, ದೀಪಾವಳಿಯ ವಾರ. ನಮ್ಮ ಗೌರಿ ಎಂಬ ಹಸುವಿಗೆ ಹಿಂದಿನ ಎಡ ಮೊಲೆ ಸ್ವಲ್ಪ ಬಿಗಿಯಾಗಿ, ಮುಟ್ಟಿದರೆ ಬಿಸಿಯಾಗಿತ್ತು. ಹಾಲಿನಲ್ಲಿ ಸಣ್ಣ ಸಣ್ಣ ಗರಣೆ ಕಂಡವು. ಸಾಲದ ಕಂತು ಕಟ್ಟಬೇಕಿತ್ತು, ಬಟವಾಡೆಗೆ ಮೂರೇ ದಿನ ಇತ್ತು. ಯಜಮಾನರು "ಬಿಡು, ಸೋಸಿದರೆ ಆಯ್ತು" ಅಂದರು. ನಾವೂ ಹೂಂ ಅಂದು ಬಟ್ಟೆಯಲ್ಲಿ ಎರಡು ಸಲ ಸೋಸಿ ಡೈರಿಗೆ ಹಾಕಿದೆವು. ಡಿಗ್ರಿ ನೋಡಿದರು, ಸರಿಯಾಗಿಯೇ ಬಂತು.

ಮಾರನೆ ದಿನ ಶೀತಲೀಕರಣ ಕೇಂದ್ರದಿಂದ ನಮ್ಮೂರಿನ ಒಂದು ಕ್ಯಾನು ವಾಪಸ್ ಬಂತು. ಕಾಯಿಸಿ ನೋಡಿದರೆ ಹಾಲು ಒಡೆಯಿತಂತೆ. 40 ಲೀಟರ್ ಹಾಲು, ಏಳೆಂಟು ಮನೆಯದು, ಚರಂಡಿ ಪಾಲಾಯಿತು. ಆಗ ಸಂಘ ಇನ್ನೂ ಎಳೆಗೂಸು, ಕೈಯಲ್ಲಿ ಕಾಸಿಲ್ಲ. ಡೈರಿ ಮುಂದೆ ಜನ ಸೇರಿದರು. ನಮ್ಮ ಪಕ್ಕದ ಮನೆಯಲ್ಲಿ ಗಂಡನಿಲ್ಲದ ಒಬ್ಬ ಅಜ್ಜಿ ಒಂದೇ ಹಸು ಕಟ್ಟಿಕೊಂಡಿದ್ದರು. ಯಾರೋ "ಆ ಮುದುಕಿ ಬಕೀಟು ತೊಳೆಯಲ್ಲ, ಅವಳದೇ ಇರಬೇಕು" ಅಂದರು. ಇನ್ನಿಬ್ಬರು ಹೌದು ಅಂದರು. ನಾವು ಅಲ್ಲೇ ಸಾಲಿನಲ್ಲಿ ಚೊಂಬು ಹಿಡಿದು ನಿಂತಿದ್ದೆವು. ಬಾಯಿ ಬಿಡಲಿಲ್ಲ.

ಅಜ್ಜಿ ಹದಿನೈದು ದಿನ ಡೈರಿ ಕಡೆ ಬರಲಿಲ್ಲ. ಹೋಟೆಲಿಗೆ ಸಿಕ್ಕಿದ ರೇಟಿಗೆ ಹಾಲು ಕೊಟ್ಟರು. ನಮಗೆ ಊಟ ಸೇರದು. ಅಷ್ಟರಲ್ಲಿ ಗೌರಿಯ ಆ ಮೊಲೆ ಗಟ್ಟಿಯಾಗಿ ಕಲ್ಲಿನಂತಾಯಿತು. ಡಾಕ್ಟರನ್ನು ಕರೆಸಿದೆವು. "ಮೊದಲ ದಿನವೇ ಹೇಳಿದ್ದರೆ ಉಳಿಯುತ್ತಿತ್ತು" ಅಂದರು. ಹಸು ಉಳಿಯಿತು, ಒಂದು ಮೊಲೆ ಕಾಯಂ ಬತ್ತಿಹೋಯಿತು.

ಒಂದು ರಾತ್ರಿ ತಡೆಯಲಾಗದೆ ಅಜ್ಜಿಯ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಕಾಲು ಮುಟ್ಟಿದೆವು. ಅಜ್ಜಿ ಸಿಟ್ಟಾಗಲಿಲ್ಲ. "ನಂಗೊತ್ತಿತ್ತು ಕಣವ್ವ. ಹಾಲು ಕರೆಯೋವಾಗ ನಿಮ್ಮ ಹಸ ಕಾಲು ಎತ್ತಿ ಎತ್ತಿ ಇಡ್ತಿತ್ತು. ಗೋಡೆ ಆಚೆಯಿಂದ ನೋಡಿದ್ದೆ" ಅಂದರು. "ಮತ್ಯಾಕೆ ಹೇಳಲಿಲ್ಲ ಅಜ್ಜಿ?" ಅಂದರೆ, "ನೀನೇ ಹೇಳ್ತೀಯ ಅಂತಿದ್ದೆ" ಅಂದರು. ಮಾರನೆ ದಿನ ನಮ್ಮ ಜೊತೆಯಲ್ಲೇ ಡೈರಿಗೆ ಬಂದು ಹಾಲು ಹಾಕಿದರು. ಆದರೆ ಊರಿನ ಮುಂದೆ ಹೇಳುವ ಧೈರ್ಯ ನಮಗೆ ಬರಲಿಲ್ಲ. ಅಜ್ಜಿ ಈಗ ಇಲ್ಲ. ಅವರ ಮೇಲಿನ ಆ ಮಾತು ಮಾತ್ರ ಕೆಲವರ ಬಾಯಲ್ಲಿ ಇನ್ನೂ ಇದೆ. ಆ ಕ್ಯಾನು ಕೆಟ್ಟದ್ದು ನಮ್ಮ ಹಾಲಿನಿಂದ, ಅಜ್ಜಿಯದರಿಂದ ಅಲ್ಲ. ಇಷ್ಟು ವರ್ಷ ತಡವಾಗಿ ಈ ಸಭೆಗೆ ಒಪ್ಪಿಸುತ್ತಿದ್ದೇವೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಬಕೀಟಿಗೆ ಹಾಕುವುದಿಲ್ಲ. ಒಂದು ಕಪ್ಪು ತಟ್ಟೆಗೆ ಕರೆದು ನೋಡುತ್ತೇವೆ. ಕಪ್ಪಿನ ಮೇಲೆ ಗರಣೆ, ನೀರು, ರಕ್ತದ ಎಳೆ ಏನಿದ್ದರೂ ತಕ್ಷಣ ಕಾಣುತ್ತದೆ. ಕಂಡರೆ ಅವತ್ತು ಹಾಲು ಡೈರಿಗಿಲ್ಲ. ಔಷಧಿ ಕೊಡಿಸಿದರೆ ಡಾಕ್ಟರು ಹೇಳಿದಷ್ಟು ದಿನ ಹಾಕುವುದಿಲ್ಲ. ಅದು ಎಲ್ಲೋ ಒಂದು ಮಗು ಕುಡಿಯುವ ಹಾಲು. ಗಿಣ್ಣುಹಾಲೂ ಹಾಗೆಯೇ, ಪೂರ್ತಿ ತಿಳಿಯಾಗುವವರೆಗೆ ಕರುವಿಗೆ, ಮನೆಗೆ, ನೆರೆಯವರಿಗೆ.

2022ರಲ್ಲಿ ಚರ್ಮಗಂಟು ರೋಗ ಬಂದಾಗಲೂ ಇದೇ ಮಾತು ನೆನಪಾಯಿತು. ಆ ರೋಗ ಸೊಳ್ಳೆ, ನೊಣ, ಉಣ್ಣೆಯಿಂದ ಹಸುವಿನಿಂದ ಹಸುವಿಗೆ ಹೋಗುತ್ತದೆ. ನೊಣಕ್ಕೆ ಇದು ನಿಮ್ಮ ಕೊಟ್ಟಿಗೆ, ಇದು ನಮ್ಮದು ಅಂತ ಗೊತ್ತಿಲ್ಲ. ಮುಚ್ಚಿಟ್ಟ ಮನೆಯಿಂದ ಪಕ್ಕದ ಮನೆಗೆ ಹೋಗುವುದು ಎಷ್ಟು ಹೊತ್ತು? ಕಾಲುಬಾಯಿ ಲಸಿಕೆ ವರ್ಷಕ್ಕೆ ಎರಡು ಸಲ ಹಾಕಲು ಬಂದಾಗ "ಹಾಲು ಕಮ್ಮಿಯಾಗುತ್ತೆ" ಅಂತ ಹಸುವನ್ನು ಹೊಲಕ್ಕೆ ಅಟ್ಟುವವರು ಇದನ್ನು ಯೋಚಿಸಬೇಕು.

ಈಗ ಸಂಘಕ್ಕೆ ಬಲ್ಕ್ ಕೂಲರ್ ಬಂದಿದೆ. ಹಾಲು ನಾಲ್ಕು ಡಿಗ್ರಿಗೆ ತಣ್ಣಗಾಗುತ್ತದೆ, ಸಂತೋಷ. ಆದರೆ ಅಕ್ಕಂದಿರೇ, ಆಗ ನಮ್ಮ ತಪ್ಪಿನಿಂದ ಹೋದದ್ದು ಒಂದು ಕ್ಯಾನು. ಈಗ ಊರಿಗೆಲ್ಲ ಒಂದೇ ತೊಟ್ಟಿ.

ಆಡಳಿತ ಮಂಡಳಿಯವರಲ್ಲಿ ಒಂದು ಅರಿಕೆ. ಹಸುವಿಗೆ ಹುಷಾರಿಲ್ಲ, ಇವತ್ತು ಹಾಲಿಲ್ಲ ಅಂತ ಬಂದು ಹೇಳುವವರನ್ನು ಯಾರೂ ಕುಹಕ ಮಾಡಬಾರದು. ಹೇಳಿದವರಿಗೆ ಅವಮಾನವಾದರೆ ನಾಳೆ ಯಾರೂ ಹೇಳುವುದಿಲ್ಲ, ನಮ್ಮ ಹಾಗೆ ಸೋಸಿ ಹಾಕುತ್ತಾರೆ. ಆ 40 ಲೀಟರ್ ಹಾಲಿನ ಹಣವನ್ನು ಇವತ್ತಿನ ದರದಲ್ಲಿ ಸಂಘಕ್ಕೆ ಕಟ್ಟಿದ್ದೇವೆ. ಅದರಲ್ಲಿ ಮನೆಮನೆಗೆ ಒಂದೊಂದು ಕಪ್ಪು ತಟ್ಟೆ ಕೊಡಿಸಿದರೆ ಅಜ್ಜಿಯ ಋಣ ಸ್ವಲ್ಪ ತೀರಿದಂತೆ.

ಸಂಜೆ ಹಾಲಿನ ಹೊತ್ತಾಯಿತು, ಹಸುಗಳು ಕಾಯುತ್ತಿರುತ್ತವೆ. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ.