ಶಾಸಕನ ಪೀಠ ಮತ್ತು ಮತದಾರನ ಮನಸ್ಸಾಕ್ಷಿ

(ಧರ್ಮಕೇಂದ್ರದ ಶತಮಾನೋತ್ಸವ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ದೇವಾಲಯದ ಶತಮಾನೋತ್ಸವದಲ್ಲಿ ಗುರುವೊಬ್ಬನು ರಾಜಕಾರಣಿಯ ವಿಷಯ ಮಾತನಾಡುವುದೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. "ನಾವು ಬೆರಳೆಣಿಕೆಯ ಜನ, ನಮ್ಮ ಮತದಿಂದ ಏನಾದೀತು?" ಎಂಬ ಮಾತು ನಮ್ಮ ಮನೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಆ ಮಾತಿಗೆ ಉತ್ತರವನ್ನು ನಮ್ಮದೇ ಚನ್ನಗಿರಿ ತಾಲ್ಲೂಕಿನ ಒಬ್ಬ ಜನಪ್ರತಿನಿಧಿಯ ಬಾಳಿನಿಂದ ಹುಡುಕಬಯಸುತ್ತೇನೆ.

ಜಯದೇವಪ್ಪ ಹಾಲಪ್ಪ ಪಟೇಲರು 1930ರಲ್ಲಿ ಕಾರಿಗನೂರಿನಲ್ಲಿ ಜನಿಸಿದರು. ಅನುಕೂಲಸ್ಥ ಮನೆತನದವರಾದರೂ ಅವರ ಒಲವು ಹರಿದದ್ದು ಸಮಾಜವಾದದ ಕಡೆಗೆ. ರಾಮಮನೋಹರ ಲೋಹಿಯಾ ಹಾಗೂ ಶಾಂತವೇರಿ ಗೋಪಾಲಗೌಡರ ವಿಚಾರಗಳು ಅವರನ್ನು ರೂಪಿಸಿದವು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಶಿವಮೊಗ್ಗ ಕ್ಷೇತ್ರದ ಸದಸ್ಯರಾಗಿ ಲೋಕಸಭೆಯನ್ನು ಪ್ರವೇಶಿಸಿದರು. ಅಲ್ಲಿ ಅವರು ಕನ್ನಡದಲ್ಲಿ ಮಾತನಾಡಿದರು. ಆ ಸದನದಲ್ಲಿ ಮೊದಲು ಕನ್ನಡದಲ್ಲಿ ಮಾತನಾಡಿದವರೆಂಬ ಕೀರ್ತಿ ಅವರದು. ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವರೆಡ್ಡಿಯವರು ಅದಕ್ಕೆ ಅವಕಾಶವಿತ್ತರು.

ಇದರ ಮಹತ್ವವನ್ನು ಕಥೋಲಿಕರಾದ ನಾವು ಬೇಗನೆ ಗ್ರಹಿಸಬಲ್ಲೆವು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪವಿತ್ರ ಆರಾಧನಾ ವಿಧಿಯ ಕುರಿತು ಹೊರಡಿಸಿದ ಶಾಸನದಿಂದ, ಲತೀನ್ ಭಾಷೆಯಲ್ಲಿಯೇ ನಡೆಯುತ್ತಿದ್ದ ಬಲಿಪೂಜೆಗೆ ಜನರ ಭಾಷೆ ಬಂದಿತು. ಪೀಠದ ಮುಂದೆ ಮೌನವಾಗಿ ಮೊಣಕಾಲೂರಿದ್ದ ರೈತನು ತನ್ನ ನುಡಿಯಲ್ಲಿಯೇ ಗುರುವಿಗೆ ಪ್ರತ್ಯುತ್ತರ ಕೊಡುವಂತಾಯಿತು. ದೇವರ ಮುಂದೆ ಸಲ್ಲುವ ಭಾಷೆ ರಾಷ್ಟ್ರದ ಸದನದಲ್ಲಿಯೂ ಸಲ್ಲತಕ್ಕದ್ದು ಎಂಬುದನ್ನು ಅದೇ ದಶಕದಲ್ಲಿ ನಮ್ಮ ನೆರೆಯ ಊರಿನವರೊಬ್ಬರು ತೋರಿಸಿಕೊಟ್ಟರು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಪಟೇಲರು ಸೆರೆವಾಸ ಅನುಭವಿಸಿದರು. 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಬಂದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ಕಾಂಗ್ರೆಸ್ಸೇತರ ಸರ್ಕಾರ ರಚನೆಯಾದ ಮೇಲೆ ಸಚಿವರಾದರು. 1994ರಲ್ಲಿ ಉಪಮುಖ್ಯಮಂತ್ರಿಗಳಾದರು. ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ತೆರಳಿದಾಗ, 1996ರ ಮೇ 31ರಂದು ಮುಖ್ಯಮಂತ್ರಿಯ ಸ್ಥಾನವನ್ನು ವಹಿಸಿಕೊಂಡರು.

ಅವರ ಆಡಳಿತದಲ್ಲಿ 1997ರಲ್ಲಿ ಏಳು ಹೊಸ ಜಿಲ್ಲೆಗಳು ಹುಟ್ಟಿದವು: ದಾವಣಗೆರೆ, ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ಉಡುಪಿ, ಚಾಮರಾಜನಗರ. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ ಮತ್ತು ಹೊನ್ನಾಳಿ ದಾವಣಗೆರೆಗೆ ಸೇರಿದವು. ಆದುದರಿಂದಲೇ ನಮ್ಮ ಉಬ್ರಾಣಿಯವರು ಜಿಲ್ಲಾಧಿಕಾರಿಯನ್ನು ಕಾಣಲು ದಾವಣಗೆರೆಗೂ ಧರ್ಮಾಧ್ಯಕ್ಷರನ್ನು ಕಾಣಲು ಶಿವಮೊಗ್ಗಕ್ಕೂ ಹೋಗಬೇಕಾಗಿದೆ! ಸರ್ಕಾರದ ಒಂದು ನಿರ್ಣಯ ನಮ್ಮ ದಾರಿಯನ್ನೇ ಬದಲಿಸಿದ ಮೇಲೆ, ರಾಜಕಾರಣಕ್ಕೂ ನಮಗೂ ಸಂಬಂಧವಿಲ್ಲವೆಂದು ಹೇಳುವುದು ಹೇಗೆ? ಕೆರೆಗೆ ನೀರು, ಮಕ್ಕಳಿಗೆ ಶಾಲೆ, ಅಡಿಕೆಗೆ ಬೆಲೆ, ಇವೆಲ್ಲವೂ ಅಲ್ಲಿ ಚರ್ಚೆಯಾಗುವ ವಿಷಯಗಳೇ.

ಪಟೇಲರನ್ನು ಸಂತರೆಂದು ನಾನು ಹೇಳುತ್ತಿಲ್ಲ. ತಮ್ಮ ದೌರ್ಬಲ್ಯಗಳನ್ನು ಅವರೇ ಬಹಿರಂಗವಾಗಿ ಒಪ್ಪಿಕೊಂಡಿದ್ದರು. ಮರೆಮಾಚದಿರುವುದು ಪ್ರಾಮಾಣಿಕತೆ ನಿಜ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ದೌರ್ಬಲ್ಯವು ಸದ್ಗುಣವಾಗದು. ಕ್ರೈಸ್ತನಿಗೆ ಪಾಪನಿವೇದನೆಯ ಜೊತೆಗೆ ಬಾಳು ತಿದ್ದಿಕೊಳ್ಳುವ ಸಂಕಲ್ಪವೂ ಬೇಕು. ಅವರ ಪಕ್ಷವಾದ ಜನತಾದಳ 1999ರಲ್ಲಿ ಒಡೆಯಿತು. ಅವರಿದ್ದ ಬಣ ಭಾರತೀಯ ಜನತಾ ಪಕ್ಷದೊಡನೆ ಮೈತ್ರಿ ಮಾಡಿಕೊಂಡುದು ಹಳೆಯ ಒಡನಾಡಿಗಳಲ್ಲಿ ಹಲವರಿಗೆ ನೋವುಂಟುಮಾಡಿತು. ಆ ವರ್ಷದ ಚುನಾವಣೆಯಲ್ಲಿ, ಮುಖ್ಯಮಂತ್ರಿಯಾಗಿದ್ದವರನ್ನು ಚನ್ನಗಿರಿಯ ಮತದಾರರೇ ಸೋಲಿಸಿದರು. 2000ದ ಡಿಸೆಂಬರ್ 12ರಂದು ಅವರು ನಿಧನರಾದರು.

ಈ ಸೋಲಿನಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಅಧಿಕಾರಕ್ಕೆ ಏರಿಸಿದ ಕೈಗಳೇ ಇಳಿಸಬಲ್ಲವು. ಪೀಠವು ಕುಳಿತವನ ಸ್ವತ್ತಲ್ಲ, ಕೂರಿಸಿದವರು ಒಪ್ಪಿಸಿದ ನಿಕ್ಷೇಪ. ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಸೇವೆ ಮಾಡುವುದಕ್ಕೆ ಬಂದ ಪ್ರಭುವಿನ ಅನುಯಾಯಿಗಳಿಗೆ ಇದು ಹೊಸ ಪಾಠವೇನಲ್ಲ.

ಅದೇ 2000ದ ಅಕ್ಟೋಬರ್ 31ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಸಂತ ಥಾಮಸ್ ಮೋರರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. ಇಂಗ್ಲೆಂಡಿನ ಅರಸ ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಮೋರರು ಮನಸ್ಸಾಕ್ಷಿಯನ್ನು ಮಾರಲೊಪ್ಪದೆ 1535ರಲ್ಲಿ ಶಿರಚ್ಛೇದಕ್ಕೆ ಒಳಗಾದರು. ಅವರು ತಲೆಯನ್ನು ಕೊಟ್ಟರೂ ಮನಸ್ಸಾಕ್ಷಿಯನ್ನು ಕೊಡಲಿಲ್ಲ. ನಾವು ಒಂದು ಸೀರೆಗೆ, ಒಂದು ರಾತ್ರಿಯ ಕುಡಿತಕ್ಕೆ ಅದನ್ನು ಕೊಟ್ಟುಬಿಡುವುದೇ?

ಯಾರಿಗೆ ಮತ ಕೊಡಬೇಕೆಂದು ನಾನು ಹೇಳಲಾರೆ. ಪಕ್ಷ ರಾಜಕಾರಣದಿಂದ ದೂರವಿರಬೇಕೆಂಬುದು ಗುರುಗಳಿಗೆ ಧರ್ಮಸಭೆಯ ಕಾನೂನು. ಆದರೆ ಶ್ರೀಸಾಮಾನ್ಯ ವಿಶ್ವಾಸಿಗಳಾದ ನಿಮಗೆ ಲೋಕವ್ಯವಹಾರವೇ ಕರೆಯ ಕ್ಷೇತ್ರ. ಗ್ರಾಮಸಭೆಗೆ ಹೋಗಿರಿ, ಕೇಳಬೇಕಾದುದನ್ನು ಎದ್ದುನಿಂತು ನಿಮ್ಮ ನುಡಿಯಲ್ಲಿಯೇ ಕೇಳಿರಿ. ಯೋಗ್ಯರಾದ ಯುವಕ ಯುವತಿಯರನ್ನು ಪಂಚಾಯಿತಿಗೆ ನಿಲ್ಲಿಸಿರಿ. ಹಿಟ್ಟಿಗೆ ಹೋಲಿಸಿದರೆ ಹುಳಿ ಎಷ್ಟೋ ಅಲ್ಪ. ಆದರೂ ಇಡೀ ಕಣಕವನ್ನು ಉಬ್ಬಿಸುವುದು ಅದೇ.

ನಮ್ಮ ಹಿರಿಯರು ಈ ದೇವಾಲಯವನ್ನು ನಮಗೆ ಒಪ್ಪಿಸಿಹೋದರು. ಅದರ ಹೊರಗಿನ ನಾಡನ್ನೂ ದೇವರು ನಮಗೆ ಒಪ್ಪಿಸಿದ್ದಾರೆ. ಎರಡನ್ನೂ ಕಾಪಾಡುವ ವಿವೇಕವನ್ನು ಪ್ರಭುವು ನಿಮಗೆಲ್ಲರಿಗೂ ದಯಪಾಲಿಸಲಿ.