ಎಸಳಿಗೊಂದು ಬೀಜ

ಗಿಡದಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಜೀನಿಯಾ ಹೂವೊಂದು ಸಿಕ್ಕರೆ ಬಿಸಾಡಬೇಡಿ, ಮಕ್ಕಳೇ. ಬಿಳಿ ಹಾಳೆಯ ಮೇಲಿಟ್ಟು, ಅಂಚಿನ ಒಂದು ಎಸಳು ಹಿಡಿದು ಮೆಲ್ಲಗೆ ಎಳೆಯಿರಿ. ಎಸಳೊಂದೇ ಕೈಗೆ ಬರುವುದಿಲ್ಲ. ಅದರ ಬುಡಕ್ಕೆ ಅಂಟಿಕೊಂಡು ಒಂದು ಬೀಜವೂ ಬರುತ್ತದೆ. ಬೂದುಗಂದು ಬಣ್ಣ, ಬಾಣದ ಮೊನೆಯ ಆಕಾರ, ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಉದ್ದ. ಇನ್ನೊಂದು ಎಸಳು ಎಳೆಯಿರಿ. ಅದಕ್ಕೂ ಒಂದು ಬೀಜ.

ಇದು ನಿಮಗೆ ವಿಚಿತ್ರ ಅನ್ನಿಸಬೇಕು. ಬೆಂಡೆ ಹೂವನ್ನು ನೆನಪಿಸಿಕೊಳ್ಳಿ. ಅದಕ್ಕೆ ಐದು ಎಸಳು. ಅವು ಬಾಡಿ ಉದುರಿದ ಮೇಲೆ ನಡುವೆ ಉಳಿಯುವುದು ಒಂದೇ ಕಾಯಿ, ಬೀಜವೆಲ್ಲ ಅದರ ಹೊಟ್ಟೆಯಲ್ಲಿ. ಹಾಗಿರುವಾಗ ಜೀನಿಯಾದ ಒಂದೊಂದು ಎಸಳಿಗೂ ಸ್ವಂತ ಬೀಜ ಎಲ್ಲಿಂದ ಬಂತು?

ನಾವು ಎಸಳು ಅಂದುಕೊಂಡದ್ದು ಎಸಳೇ ಅಲ್ಲ, ಅದೇ ಒಂದು ಇಡೀ ಹೂವು! ತಾಜಾ ಜೀನಿಯಾದಿಂದ ಒಂದನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿ. ಅಗಲವಾದ ಬಣ್ಣದ ಭಾಗ ಬುಡಕ್ಕೆ ಬರುತ್ತಾ ಕಿರಿದಾಗುತ್ತದೆ. ಅಲ್ಲಿ ತುದಿ ಎರಡಾಗಿ ಸೀಳಿದ ಒಂದು ಎಳೆ ಮೇಲಕ್ಕೆ ಚಾಚಿಕೊಂಡಿರುತ್ತದೆ. ಪರಾಗವನ್ನು ಹಿಡಿದುಕೊಳ್ಳುವ ಶಲಾಕಾಗ್ರ ಅದು. ಅದರ ಕೆಳಗೆ ಪುಟ್ಟ ಅಂಡಾಶಯ. ಅಂದರೆ ಇದು ಹೆಣ್ಣು ಹೂವು. ಈಗ ನಡುವಿನ ಗುಬುಟಿಯನ್ನು ನೋಡಿ. ಅಲ್ಲಿ ಹಳದಿ ನಕ್ಷತ್ರಗಳು ಉಂಗುರ ಕಟ್ಟಿ ನಿಂತಿರುತ್ತವೆ. ಪ್ರತಿ ನಕ್ಷತ್ರಕ್ಕೂ ಐದು ಮೂಲೆ, ಪ್ರತಿ ನಕ್ಷತ್ರವೂ ಒಂದು ಹೂವು. ಇವುಗಳಲ್ಲಿ ಪರಾಗವೂ ಇದೆ, ಬೀಜ ಕಟ್ಟುವ ಭಾಗವೂ ಇದೆ. ಎಲ್ಲವೂ ಒಟ್ಟಿಗೆ ಅರಳುವುದಿಲ್ಲ. ಹೊರಗಿನ ಉಂಗುರ ಮೊದಲು, ಒಳಗಿನದು ಆಮೇಲೆ. ನಿತ್ಯ ಬೆಳಿಗ್ಗೆ ಒಂದೇ ಹೂವಿನ ಮುಂದೆ ಕೂತು ನೋಡಿದರೆ ನಕ್ಷತ್ರಗಳ ಸಾಲು ಒಳಒಳಗೆ ಸರಿಯುವುದು ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಇಲ್ಲ ಎಂಬುದು ನನ್ನ ನಂಬಿಕೆ.

ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ, ಮಲೆನಾಡಿನ ಅಂಗಳಗಳಲ್ಲಿ ಗಡ್ಡೆಯಿಂದ ಬೆಳೆಸುವ ಡೇರೆ, ಎಲ್ಲವೂ ಜೀನಿಯಾದ ನೆಂಟರೇ. ಅವುಗಳಲ್ಲಿ ಡೇರೆ, ಚೆಂಡುಹೂ ಎರಡೂ ಜೀನಿಯಾದ ಹಾಗೆಯೇ ಮೆಕ್ಸಿಕೋ ಕಡೆಯಿಂದ ಬಂದವು. ಜೀನಿಯಾ ಎಂಬ ಹೆಸರಿಟ್ಟವರು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್, 1759ರಲ್ಲಿ. ಅದೇ ವರ್ಷ ತೀರಿಕೊಂಡ ಜರ್ಮನಿಯ ಯೋಹಾನ್ ಗಾಟ್‌ಫ್ರೀಡ್ ಜಿನ್ ಅವರ ನೆನಪಿಗೆ. ಜಿನ್ ಮನುಷ್ಯರ ಕಣ್ಣಿನ ರಚನೆಯನ್ನು ಬಿಡಿಸಿ ನೋಡಿ ಪುಸ್ತಕ ಬರೆದವರು. ನಮ್ಮ ಕಣ್ಣಿನ ಮಸೂರವನ್ನು ಅದರ ಜಾಗದಲ್ಲಿ ಹಿಡಿದಿಡುವ ಸಣ್ಣ ಎಳೆಗಳಿಗೂ ಅವರದೇ ಹೆಸರಿದೆ.

ಈಗ ಬಿತ್ತೋಣ. ಅದಕ್ಕೆ ಮೊದಲು ಬೀಜವನ್ನು ಆರಿಸಬೇಕು. ರೈತರು ಭತ್ತ ತೂರುವುದನ್ನು ನೋಡಿದ್ದೀರಲ್ಲ, ಜೊಳ್ಳು ಹಾರಿಹೋಗುತ್ತದೆ, ಗಟ್ಟಿ ಕಾಳು ಉಳಿಯುತ್ತದೆ. ಜೀನಿಯಾದಲ್ಲೂ ಜೊಳ್ಳು ಬಹಳ. ಬೀಜದ ನಡುಭಾಗವನ್ನು ಉಗುರಿನಿಂದ ಮೆಲ್ಲಗೆ ಒತ್ತಿ. ಕಾಗದದ ಹಾಗೆ ಬಗ್ಗಿದರೆ ಒಳಗೆ ಏನೂ ಇಲ್ಲ. ಗಟ್ಟಿಯಾಗಿ ಉಬ್ಬಿಕೊಂಡಿದ್ದರೆ ಒಳಗೆ ಮರಿಗಿಡ ಮಲಗಿದೆ.

ನಮ್ಮ ಕಡೆ ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಅಥವಾ ಚಳಿ ಇಳಿಯುವ ಜನವರಿ–ಫೆಬ್ರವರಿಯಲ್ಲಿ ಬಿತ್ತಬಹುದು. ಕರಾವಳಿಯಂಥ ಜಡಿಮಳೆಯ ಊರಾದರೆ ಕುಂಡವನ್ನು ಸೂರಿನ ಕೆಳಗೆ ಬೆಳಕು ಬೀಳುವ ಕಡೆ ಇಡಿ. ಕೆಮ್ಮಣ್ಣು, ಸ್ವಲ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಬೆರಳಲ್ಲಿ ಕಾಲು ಅಂಗುಲ ಆಳಕ್ಕೆ ಗೀರಿ, ಬೀಜ ಇಟ್ಟು, ಮಣ್ಣು ಉದುರಿಸಿ. ಇದಕ್ಕಿಂತ ಆಳ ಬೇಡ. ಬೀಜದೊಳಗಿನ ಬುತ್ತಿ ಸ್ವಲ್ಪವೇ. ಬೆಳಕು ಕಾಣುವ ಮೊದಲೇ ಬುತ್ತಿ ಖಾಲಿಯಾದರೆ ಸಸಿ ಮಣ್ಣಿನಲ್ಲೇ ಸೋತುಬಿಡುತ್ತದೆ.

ಬೆಚ್ಚಗಿದ್ದರೆ ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಮೇಲೆ ಬರುತ್ತದೆ. ಮೊದಲು ಕಾಣುವುದು ತಲೆಯಲ್ಲ, ಕೊಕ್ಕೆಯ ಹಾಗೆ ಬಾಗಿದ ಬೆನ್ನು. ಮೆತ್ತಗಿನ ತುದಿಗೆ ಮಣ್ಣು ತರಚದಿರಲಿ ಎಂದು ಸಸಿ ಬೆನ್ನಿನಿಂದ ಮಣ್ಣನ್ನು ನೂಕಿಕೊಂಡು ಬರುತ್ತದೆ. ಬೆಳಕು ತಾಗಿದ ಮೇಲೆ ಬೆನ್ನು ನೆಟ್ಟಗಾಗಿ ಎರಡು ನುಣುಪಾದ ಬೀಜದೆಲೆಗಳು ಬಿಚ್ಚಿಕೊಳ್ಳುತ್ತವೆ. ಆಮೇಲೆ ಬರುವ ನಿಜವಾದ ಎಲೆಗಳನ್ನು ಮುಟ್ಟಿದರೆ ಒರಟು. ಅವು ಜೋಡಿಜೋಡಿಯಾಗಿಯೇ ಹುಟ್ಟುತ್ತವೆ. ಒಂದು ಜೋಡಿ ಪೂರ್ವ–ಪಶ್ಚಿಮಕ್ಕೆ ಮುಖ ಮಾಡಿದರೆ ಅದರ ಮೇಲಿನದು ಉತ್ತರ–ದಕ್ಷಿಣಕ್ಕೆ. ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆ ಕಾಣುತ್ತದೆ. ಹೀಗಿರುವುದರಿಂದ ಮೇಲಿನ ಎಲೆಯ ನೆರಳು ನೇರ ಕೆಳಗಿನ ಎಲೆಯ ಮೇಲೆ ಬೀಳುವುದು ಕಡಿಮೆ.

ನೀರಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಬಾಹ್ಯಾಕಾಶದಲ್ಲಿ ಕೂಡ ನೀರಿನಿಂದಲೇ ತೊಂದರೆ ಬಂದಿತ್ತು. 2015ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಪುಟ್ಟ ತೋಟದಲ್ಲಿ ಜೀನಿಯಾ ಬೆಳೆಸಲು ಶುರುಮಾಡಿದರು. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ! ಡಿಸೆಂಬರ್‌ನಲ್ಲಿ ಗಿಡಗಳ ಸುತ್ತ ತೇವ ಹೆಚ್ಚಾಯಿತು. ಎಲೆಗಳಿಂದ ನೀರು ಒಸರಿತು, ಬೂಷ್ಟು ಹಿಡಿಯಿತು. ಗಾಳಿ ಹೆಚ್ಚಲಿ ಎಂದು ಫ್ಯಾನಿನ ವೇಗ ಏರಿಸಿದರೆ ಗಿಡ ಒಣಗತೊಡಗಿತು. ಕೊನೆಗೆ ಗಗನಯಾತ್ರಿ ಸ್ಕಾಟ್ ಕೆಲ್ಲಿ, ಯಾವಾಗ ನೀರು ಹಾಕಬೇಕೆಂದು ಗಿಡ ನೋಡಿ ತೀರ್ಮಾನಿಸಲು ನನಗೇ ಬಿಡಿ ಎಂದು ಕೇಳಿಕೊಂಡರು. ಕೆಲವು ಗಿಡ ಸತ್ತವು, ಉಳಿದವು ಚೇತರಿಸಿಕೊಂಡವು. 2016ರ ಜನವರಿಯಲ್ಲಿ ಕಿತ್ತಳೆ ಬಣ್ಣದ ಹೂವು ಅರಳಿತು.

ನೀವೂ ಕೆಲ್ಲಿಯವರ ಹಾಗೆ ಮಾಡಿ. ದಿನಕ್ಕೆ ಇಷ್ಟು ಲೋಟ ಎಂದು ಲೆಕ್ಕ ಇಟ್ಟುಕೊಳ್ಳಬೇಡಿ. ಮಣ್ಣಿಗೆ ಬೆರಳಿಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಿ, ಅದೂ ಬುಡಕ್ಕೆ. ಗಿಡದಿಂದ ಗಿಡಕ್ಕೆ ಒಂದು ಅಡಿ ಜಾಗ ಬಿಟ್ಟರೆ ಗಾಳಿಯಾಡುತ್ತದೆ. ಒತ್ತೊತ್ತಾಗಿದ್ದರೆ ಎಲೆಗಳ ಮೇಲೆ ಬಿಳಿ ಪುಡಿ ಚೆಲ್ಲಿದಂತೆ ಬೂದಿ ರೋಗ ಬರುತ್ತದೆ. ಅದು ಒಂದು ಬಗೆಯ ಶಿಲೀಂಧ್ರ.

ಮೂರು–ನಾಲ್ಕು ಜೋಡಿ ಎಲೆ ಬಂದಾಗ ಕುಡಿ ಚಿವುಟಿ. ಪಾಪ ಅನ್ನಿಸಬಹುದು, ಆದರೂ ಚಿವುಟಿ. ಕುಡಿಯಲ್ಲಿ ಆಕ್ಸಿನ್ ಎಂಬ ರಾಸಾಯನಿಕ ತಯಾರಾಗಿ ಕೆಳಗೆ ಇಳಿಯುತ್ತದೆ. ಎಲೆಗಳ ಕಂಕುಳಲ್ಲಿ ಕಾದು ಕೂತ ಮೊಗ್ಗುಗಳು ಚಿಗುರದಂತೆ ಅದು ತಡೆಯುತ್ತದೆ. ಕುಡಿ ಹೋದರೆ ತಡೆಯೂ ಹೋಯಿತು. ಪಕ್ಕದ ಕೊಂಬೆಗಳು ಹೊರಡುತ್ತವೆ, ಹೂವೂ ಹೆಚ್ಚು.

ಬಿತ್ತಿದ ಎರಡು ತಿಂಗಳ ಆಸುಪಾಸಿಗೆ ಮೊದಲ ಹೂವು. ಆಗ ಜೇನುಹುಳ, ಚಿಟ್ಟೆ ಬಂದೇ ಬರುತ್ತವೆ. ಇಲ್ಲೊಂದು ಪ್ರಯೋಗ ಮಾಡಬಹುದು. ಅರಳಲಿರುವ ಒಂದು ಮೊಗ್ಗಿಗೆ ತೆಳುವಾದ ಸೊಳ್ಳೆಪರದೆಯ ಬಟ್ಟೆಯಿಂದ ಚೀಲ ಕಟ್ಟಿ, ಪಕ್ಕದ್ದನ್ನು ಹಾಗೇ ಬಿಡಿ. ಎರಡೂ ಒಣಗಿದ ಮೇಲೆ ಗಟ್ಟಿ ಬೀಜ ಯಾವುದರಲ್ಲಿ ಹೆಚ್ಚು ಎಂದು ಎಣಿಸಿ ಬರೆದಿಡಿ. ಕೆಂಪು ಹೂವಿನ ಬೀಜ ಬಿತ್ತಿದರೆ ಕೆಂಪೇ ಬರಬೇಕೆಂದಿಲ್ಲ. ಪಕ್ಕದ ಹಳದಿ ಹೂವಿನ ಪರಾಗವನ್ನು ಹುಳ ತಂದಿದ್ದರೆ ಮುಂದಿನ ಗಿಡದ ಬಣ್ಣ ಬೇರೆಯೇ ಆದೀತು.

ಹೂವನ್ನು ಕೊಯ್ದು ಲೋಟದಲ್ಲಿಡಬೇಕೆಂದರೆ ಮೊದಲು ಕಾಂಡವನ್ನು ಪರೀಕ್ಷಿಸಿ. ಹೂವಿಗಿಂತ ಒಂದು ಗೇಣು ಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ತಲೆ ತೂಗಾಡಿದರೆ ಇನ್ನೂ ಬಿಡಿ, ಕೊಯ್ದರೆ ಬೇಗ ಬಾಡುತ್ತದೆ. ಕಡ್ಡಿಯ ಹಾಗೆ ನೆಟ್ಟಗೆ ನಿಂತರೆ ಕೊಯ್ಯಬಹುದು. ಕಾಂಡದೊಳಗೆ ನೀರೇರಿಸುವ ನಾಳಗಳಿವೆ. ಅವುಗಳ ಗೋಡೆ ದಪ್ಪಗಾಗಿ, ಒಳಗಿನ ಜೀವ ಹೋಗಿ, ಟೊಳ್ಳಾದ ಮೇಲೇ ನೀರು ಸಲೀಸಾಗಿ ಹರಿಯುವುದು. ಇದು ಹೇಗೆ ಆಗುತ್ತದೆ ಎಂದು ತಿಳಿಯಲು ವಿಜ್ಞಾನಿಗಳಿಗೆ ನೆರವಾದದ್ದೂ ಜೀನಿಯಾವೇ. 1980ರಲ್ಲಿ ಜಪಾನಿನ ಫುಕುಡಾ ಮತ್ತು ಕೊಮಾಮಿನೆ ಎಂಬ ವಿಜ್ಞಾನಿಗಳು ಜೀನಿಯಾದ ಎಳೆಯ ಎಲೆಯಿಂದ ಹಸಿರು ಜೀವಕೋಶಗಳನ್ನು ಬಿಡಿಬಿಡಿಯಾಗಿ ತೆಗೆದು, ಆಕ್ಸಿನ್ ಮುಂತಾದ ಸಸ್ಯ ಹಾರ್ಮೋನುಗಳಿದ್ದ ದ್ರಾವಣದಲ್ಲಿ ಬೆಳೆಸಿದರು. ಅಡುಗೆ ಮಾಡುವ ಎಲೆಯ ಕೋಶಗಳು, ಒಡೆದು ಎರಡಾಗದೆಯೂ, ನೀರಿನ ನಾಳದ ಕೋಶಗಳಾಗಿ ಬದಲಾದವು! ಮುಂದೆ ಲೋಕದ ಎಷ್ಟೋ ಪ್ರಯೋಗಶಾಲೆಗಳು ಇದೇ ದಾರಿ ಹಿಡಿದವು.

ಕೊಯ್ಯುವಾಗ ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ ಕತ್ತರಿಸಿ. ಆ ಎರಡು ಎಲೆಗಳ ಕಂಕುಳಿಂದ ಎರಡು ಹೊಸ ಕೊಂಬೆಗಳು ಹೊರಡುತ್ತವೆ.