ನಾವು ಕುಡಿಯುವುದಿಲ್ಲ, ಅಷ್ಟು ಸಾಕೇ?

(ಜುಮಾ ಖುತ್ಬಾದ ಸಾರಾಂಶ)



ಮದ್ಯದ ವಿಷಯ ಬಂದಾಗ ನಮ್ಮಲ್ಲಿ ಹೆಚ್ಚಿನವರು ಒಂದೇ ಮಾತು ಹೇಳಿ ಸುಮ್ಮನಾಗುತ್ತೇವೆ: “ಅದು ಹರಾಮ್, ನಾವು ಕುಡಿಯುವುದಿಲ್ಲ. ಸರಕಾರ ಏನು ಬೇಕಾದರೂ ಮಾಡಲಿ.” ಈ ಮಾತಿನ ಮೊದಲ ಭಾಗ ಸರಿ, ಕೊನೆಯ ಭಾಗ ಸರಿಯಲ್ಲ.

ಸೂರಃ ಅಲ್ ಬಕರದ 219ನೇ ವಚನವನ್ನು ಗಮನಿಸಿ. ಮದ್ಯದಲ್ಲಿ ಜನರಿಗೆ ಕೆಲವು ಲಾಭಗಳಿವೆ ಎಂಬುದನ್ನು ಅಲ್ಲಾಹನು ಅಲ್ಲಗಳೆಯಲಿಲ್ಲ. ಆದರೆ ಅದರ ಪಾಪವು ಲಾಭಕ್ಕಿಂತ ದೊಡ್ಡದು ಎಂದು ತೂಗಿ ತೋರಿಸಿದನು. ಬಳಿಕ ಅಮಲಿನಲ್ಲಿ ನಮಾಝಿಗೆ ಹೋಗಬಾರದೆಂಬ ಆಜ್ಞೆ ಬಂತು. ಕೊನೆಗೆ ಸೂರಃ ಅಲ್ ಮಾಇದಾದಲ್ಲಿ ಪೂರ್ಣ ನಿಷೇಧ ಬಂದಾಗ ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತು.

ಇಂದು ನಮ್ಮ ರಾಜ್ಯದ ಮುಂದೆಯೂ ಅದೇ ತಕ್ಕಡಿ ಇದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಇದು ಒಂದು ತಟ್ಟೆ. ಮನೆ ತಲುಪದ ಕೂಲಿ, ಪೆಟ್ಟು ತಿನ್ನುವ ಹೆಂಡತಿ, ರಸ್ತೆಯಲ್ಲಿ ಹೋದ ಜೀವ ಇನ್ನೊಂದು ತಟ್ಟೆಯಲ್ಲಿವೆ. ಇವುಗಳ ಲೆಕ್ಕ ಬಜೆಟ್ಟಿನಲ್ಲಿ ಬರುವುದಿಲ್ಲ, ಅದನ್ನು ಜನರೇ ಹೇಳಬೇಕು.

ಹೇಳಿದರೆ ಫಲವಿದೆಯೇ? ಇದೆ. 2023ರ ಜನವರಿಯಲ್ಲಿ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಬಂತು. ಜನರು ಆಕ್ಷೇಪಿಸಿದರು, ಸರಕಾರ ಅದನ್ನು ಹಿಂದೆಗೆದುಕೊಂಡಿತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಬಡ ಮಹಿಳೆಯರು ಕಾಲ್ನಡಿಗೆಯಲ್ಲಿ ಹೋದರು. ಅವರ ಬೇಡಿಕೆ ಈಡೇರಲಿಲ್ಲ. ಆದರೆ ತಮ್ಮ ಮನೆಯ ನೋವನ್ನು ಅವರು ರಾಜ್ಯದ ಮುಂದಿಟ್ಟರು. ಕೆಡುಕು ಕಂಡಾಗ ನಾಲಗೆಯಿಂದಲಾದರೂ ತಡೆಯಿರಿ ಎಂದು ಕಲಿತ ನಾವು ಎಲ್ಲಿದ್ದೇವೆ?

ನಮ್ಮ ಫರಂಗಿಪೇಟೆ ಹೆದ್ದಾರಿಯ ಮೇಲಿನ ಪೇಟೆ. ಹೆದ್ದಾರಿ ಬದಿಯ ಮದ್ಯದಂಗಡಿಗಳನ್ನು ದೂರ ಸರಿಸಲು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆದೇಶಿಸಿತು. ಮರುವರ್ಷ ಅದನ್ನು ಸಡಿಲಿಸಿತು. ಆದೇಶ ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂಬುದು ಊರವರ ಎಚ್ಚರದ ಮೇಲೂ ನಿಂತಿದೆ. ಶಾಲೆ, ಬಸ್ ನಿಲ್ದಾಣದ ಹತ್ತಿರ ಮದ್ಯದಂಗಡಿ ಬರುವುದಾದರೆ ಗ್ರಾಮಸಭೆಗೆ ಹೋಗಿ ಆಕ್ಷೇಪಿಸಿ. ಹಿಂದೂ, ಕ್ರೈಸ್ತ ನೆರೆಯವರನ್ನೂ ಜೊತೆಗೆ ಕರೆಯಿರಿ. ಕುಡಿತದಿಂದ ಬೆಂದ ಮನೆಗೆ ಜಾತಿಯಿಲ್ಲ.

ಇನ್ನು ನಮ್ಮ ಕೈಯನ್ನೂ ನೋಡಿಕೊಳ್ಳೋಣ. ಮದ್ಯದ ವಿಷಯದಲ್ಲಿ ಪ್ರವಾದಿ(ಸ) ಶಪಿಸಿದ್ದು ಕುಡಿಯುವವನನ್ನು ಮಾತ್ರವಲ್ಲ. ತಯಾರಿಸುವವನು, ಹೊರುವವನು, ಮಾರುವವನು, ಅದರ ಹಣ ತಿನ್ನುವವನು ಕೂಡ ಅದರಲ್ಲಿದ್ದಾರೆ. ಬಾರಿಗೆ ಕಟ್ಟಡ ಬಾಡಿಗೆ ಕೊಡುವಾಗ, ಸರಕು ಸಾಗಿಸುವಾಗ ಇದು ನೆನಪಿರಲಿ.

ಮೊಹಲ್ಲಾದಲ್ಲೇ ಒಬ್ಬ ಕುಡಿತಕ್ಕೆ ಬಿದ್ದಿದ್ದರೆ? ಮತ್ತೆ ಮತ್ತೆ ಕುಡಿದು ಶಿಕ್ಷೆಗೊಳಗಾದ ಒಬ್ಬರನ್ನು ಯಾರೋ ಶಪಿಸಿದಾಗ ಪ್ರವಾದಿ(ಸ) ತಡೆದರು. ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆ ಎಂದರು. ನಾವಾದರೋ ಮರ್ಯಾದೆಗೆ ಅಂಜಿ ಮುಚ್ಚಿಡುತ್ತೇವೆ, ಇಲ್ಲವೇ ದೂರವಿಡುತ್ತೇವೆ. ಎರಡೂ ಆತನನ್ನು ಉಳಿಸುವುದಿಲ್ಲ. ಹಲವು ವರ್ಷ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಕೋಣೆಯಲ್ಲಿ ಕೂಡಿಹಾಕಬೇಡಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ವ್ಯಸನ ಬಿಡಿಸಲು ಸರಕಾರದ ಉಚಿತ ಸಹಾಯವಾಣಿ 14446 ಇದೆ. ಆತನ ಹೆಂಡತಿ ಮಕ್ಕಳ ಅಡುಗೆ ಮನೆ ಉರಿಯುತ್ತಿದೆಯೇ ಎಂದು ಜಮಾಅತ್ ವಿಚಾರಿಸಲಿ.

ಅಲ್ಲಾಹನು ನಮ್ಮ ಮಕ್ಕಳನ್ನು ಈ ಕೆಡುಕಿನಿಂದ ಕಾಪಾಡಲಿ, ಬಿದ್ದವರಿಗೆ ಏಳುವ ಶಕ್ತಿ ಕೊಡಲಿ, ನಮಗೆ ಅವರ ಕೈ ಹಿಡಿಯುವ ಮನಸ್ಸು ಕೊಡಲಿ. ಆಮೀನ್.